ಗೋಡೆಗೆ ಮುಖ ಮಾಡಿದ ಏಳು ಕಲ್ಲು

ಮುನೀಮರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಪರ್ಸಿ ಎನ್ನುವ ಹಾಸುಗಲ್ಲು ಬಿದ್ದು ಹೋದದ್ದು ಮತ್ತೆ ಬೆಳೆದಿರಲಿಲ್ಲ. ಆ ಬೋಳು ಬೆರಳಿನಿಂದಲೇ ಕಲ್ಲಿನ ಮೈ ಸವರಿ ನೋಡುತ್ತಿದ್ದರು.

ರಾವೂರಿನ ಹತ್ತಿರದ ಕಲ್ಲುಗಣಿಯೊಂದರ ಕಚೇರಿಯಲ್ಲಿ ಅವರು ಹಿರಿಯ ಲೆಕ್ಕಿಗರು, ನಾನು ಅವರ ಕೈಕೆಳಗಿನ ಗುಮಾಸ್ತ. ನೌಕರಿ ಕೊಡಿಸಿದವರೂ ಅವರೇ. ನನ್ನದು ಹುಟ್ಟಾ ಪುಕ್ಕಲು ಜೀವ. ಗಣಿಯ ಒಡೆಯರಾದ ಸಾವಕಾರರ ಜೀಪಿನ ಸದ್ದು ಕೇಳಿದರೆ ಸಾಕು, ಬರೆಯುತ್ತಿದ್ದ ಲೆಕ್ಕ ಬಿಟ್ಟು ಎದ್ದು ನಿಲ್ಲುತ್ತಿದ್ದೆ. "ತಮ್ಮಾ, ಜೀಪ್ ಬಂದದ, ಹುಲಿ ಬಂದಿಲ್ಲ" ಎಂದು ಮುನೀಮರು ಚೇಷ್ಟೆ ಮಾಡುತ್ತಿದ್ದರು.

ಕಚೇರಿಯ ಪಡಸಾಲೆಯ ಗೋಡೆಗೆ ಅವರು ಏಳು ಕಲ್ಲು ಒರಗಿಸಿದ್ದರು. ನಮ್ಮ ಗಣಿಯ ಕೂಲಿಗಳೇ ಬಿಡುವಿನಲ್ಲಿ ಕೆತ್ತಿದ ಬಳ್ಳಿ, ಕುದುರೆ, ಜೋಳದ ತೆನೆ. ನಡುವೆ, ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದ ರಾವೂರಿನ ಹಿರಿಯ ಕೂಲಿಯ ನವಿಲು. "ಗಿರಾಕಿ ಕಲ್ಲು ನೋಡ್ಲಿಕ್ಕೆ ಬರ್ತಾನ. ಕೈನೂ ನೋಡ್ಲಿ" ಎನ್ನುವುದು ಮುನೀಮರ ಮಾತು. ನೋಡಿದವರು ಹೊಸ್ತಿಲು, ಕಂಬ ಮಾಡಿಸಲು ಈ ಕೂಲಿಗಳನ್ನೇ ಹುಡುಕುತ್ತಿದ್ದರು. ಮಳೆಗಾಲದಲ್ಲಿ ಗಣಿಗೆ ನೀರು ತುಂಬಿ ಕೆಲಸ ನಿಂತಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದಲೇ. ತಮ್ಮ ಕೂಲಿಗಳು ಹೊರಗಿನ ಕೆಲಸ ಹಿಡಿಯುವುದು ಸಾವಕಾರರಿಗೆ ಮಾತ್ರ ಸರಿಬರುತ್ತಿರಲಿಲ್ಲ. "ಇನ್ನೊಮ್ಮೆ ಇವು ಕಂಡ್ರ ಇಬ್ಬರನ್ನೂ ಮನಿಗೆ ಕಳಸ್ತೀನಿ" ಎಂದು ಮುನೀಮರಿಗೂ ನನಗೂ ಹೇಳಿದ್ದರು.

ಆ ವರ್ಷ ಮಳೆಗೆ ಮುಂಚೆ ಚಿತ್ತಾಪುರದ ವಕೀಲರೊಬ್ಬರು ಹೊಸ ಮನೆಯ ಕಂಬಗಳಿಗಾಗಿ ಕೆತ್ತನೆ ನೋಡಲು ಬರುವವರಿದ್ದರು. ಅದರ ಹಿಂದಿನ ದಿನ ಮುನೀಮರು ಊರಲ್ಲಿಲ್ಲದಾಗ, ಸಾವಕಾರರು ಬರುತ್ತಿದ್ದಾರೆಂದು ಸುದ್ದಿ ಬಂತು. ಏಳೂ ಕಲ್ಲುಗಳನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟೆ. ಸಾವಕಾರರು ಬಂದರು, ಲೆಕ್ಕದ ಪುಸ್ತಕ ನೋಡಿ ಹೋದರು. ಬದುಕಿದೆ ಎಂದು ಊಟಕ್ಕೆ ಹೋದೆ.

ಗೋಡೆಗೆ ಮುಖ ಮಾಡಿದ ಕಲ್ಲೆಂದರೆ ಮಾರಾಟವಾದದ್ದು, ಲಾರಿಗೆ ಹೇರಬೇಕಾದದ್ದು ಎನ್ನುವುದು ನಮ್ಮ ಗಣಿಯ ರೂಢಿ. ಭಯದಲ್ಲಿ ಅದೇ ಮರೆತಿತ್ತು. ಬಂದು ನೋಡಿದರೆ ಗೋಡೆ ಖಾಲಿ. ಹಮಾಲರು ಏಳನ್ನೂ ಮಾರಿದ ಕಲ್ಲುಗಳ ಜೊತೆ ಲಾರಿಗೆ ಹೇರಿ ವಾಡಿಯ ರೈಲು ನಿಲ್ದಾಣಕ್ಕೆ ಕಳಿಸಿದ್ದರು.

ಸಂಜೆಯ ಹೊತ್ತಿಗೆ ಬಂದ ಮುನೀಮರ ಮುಂದೆ ನಡೆದದ್ದು ಹೇಳಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ. "ಸೈಕಲ್ ತಗಿ. ವಾಡಿ ಟೇಶನ್ನಿಗೆ ಹೋಗೂಣು" ಎಂದರಷ್ಟೆ. ವ್ಯಾಗನ್ ಹೊರಟಿದ್ದರೆ ಗತಿಯೇನು ಎಂದು ದಾರಿಯುದ್ದಕ್ಕೂ ಜೋರಾಗಿ ಪೆಡಲು ತುಳಿದೆ. ಹೊರಟಿರಲಿಲ್ಲ. ಅರವತ್ತು ದಾಟಿದ ಆ ಮನುಷ್ಯ ಹಮಾಲರ ಜೊತೆ ನಿಂತು ಒಂದೊಂದೇ ಕಲ್ಲು ಎತ್ತಿಸಿ ನೋಡಿದರು. ಆರು ಇಡಿಯಾಗಿ ಸಿಕ್ಕವು. ನವಿಲು ಕುತ್ತಿಗೆಯ ಹತ್ತಿರ ಎರಡಾಗಿತ್ತು. ಎಲ್ಲವನ್ನೂ ರಾತ್ರಿಯೇ ಬಾಡಿಗೆ ಬಂಡಿಯಲ್ಲಿ ವಾಪಸು ತಂದೆವು.

ಮರುದಿನ ವಕೀಲರು ಆರು ಕಲ್ಲು ನೋಡಿ, ಅವನ್ನು ಕೆತ್ತಿದವರಿಗೆಲ್ಲ ಕೆಲಸ ಒಪ್ಪಿಸಿದರು. ಚಾಚಾನಿಗೆ ಮಾತ್ರ ಸಿಗಲಿಲ್ಲ. ಆತ ಬಂದು ನವಿಲಿನ ತುಂಡುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ಯಾರ್ ಮಾಡಿದ್ರಿ ಇದು?"

ನಾನು ಬಾಯಿ ತೆರೆಯುವ ಮೊದಲೇ ಮುನೀಮರು, "ನಾನೇ ಮುಖ ಗ್ವಾಡಿಗೆ ಹೊಳ್ಳಿಸಿ ಇಟ್ಟಿದ್ದೆ, ಚಾಚಾ. ತಪ್ಪಾತು" ಎಂದರು. ಆತ ಹೋದಮೇಲೆ ನನ್ನ ಕಡೆ ತಿರುಗಿ, "ನೀ ಹೊಸಬ. ಸಿಟ್ಟು ನನ್ನ ಮ್ಯಾಲ ಇರ್ಲಿ, ನಂಗ ರೂಢಿ ಅದ" ಎಂದರು.

ನಾಲ್ಕು ವರ್ಷ ಚಾಚಾ ಮುನೀಮರಿಗೆ ಸಲಾಮು ಮಾಡಲಿಲ್ಲ. ಮುನೀಮರು ದಿನಾ ತಾವೇ ಮೊದಲು ಕೈ ಎತ್ತುತ್ತಿದ್ದರು. ಆತ ಮುಖ ಆಚೆ ಮಾಡುತ್ತಿದ್ದ. ನಾನು ನೋಡುತ್ತಿದ್ದೆ. ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ನನ್ನ ನಾಳೆ ಬರಲೇ ಇಲ್ಲ.

ಒಂದು ಚಳಿಗಾಲದಲ್ಲಿ ಮುನೀಮರು ತೀರಿಕೊಂಡರು. ಮೂರನೆಯ ದಿನ ನೋಡಿದರೆ, ಯಾರೂ ಕೇಳದಿದ್ದರೂ, ಚಾಚಾ ನಮ್ಮ ಪಡಸಾಲೆಯಲ್ಲಿ ಕುಳಿತು ಅವರ ಸಮಾಧಿಯ ಕಲ್ಲು ಕೆತ್ತುತ್ತಿದ್ದ. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಉಳಿ ನಿಂತಿತು. ಆತ ಕಲ್ಲಿನ ಮೇಲಿನ ಪುಡಿ ಕೈಯಿಂದ ಒರೆಸಿದ.

"ಅವರು ಇದ್ದಾಗ್ಲೇ ಹೇಳ್ಬೇಕಿತ್ತಲ್ಲಪಾ" ಎಂದ. "ಒಂದ್ ಸಲಾಮ್ ಆದ್ರೂ ಮಾಡ್ತಿದ್ದೆ."