ಗೋಲು ಬದಲಿ

ಅರಿಶಿನಕುಂಟೆಯ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಕೆಂಪರಾಜ್ ಕಾರುಗಳ ಆಕ್ಸೆಲ್ ರಿಪೇರಿ ಮಾಡುತ್ತಾನೆ. ಬೇರೆ ಕೆಲಸ ಹಿಡಿಯುವುದಿಲ್ಲ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಆ ಕಬ್ಬಿಣದ ದಂಡವನ್ನು ಬಿಚ್ಚಬೇಕು, ತುದಿಯ ಬಟ್ಟಲಿನಂಥ ಕಪ್ಪಿನೊಳಗಿನ ಗುಂಡುಗಳನ್ನು ತೊಳೆಯಬೇಕು, ಹೊಸ ಗ್ರೀಸ್ ತುಂಬಿ, ಧೂಳು ಹೋಗದ ಹಾಗೆ ಮೇಲೆ ರಬ್ಬರ್ ಬೂಟು ಬಿಗಿಯಬೇಕು. ಗ್ರೀಸಿಗೆ ಅವನು ಈಗಲೂ ಕೀಲೆಣ್ಣೆ ಅನ್ನುತ್ತಾನೆ. ಸಮೇತನಹಳ್ಳಿಯಲ್ಲಿ ಅಪ್ಪನ ಎತ್ತಿನ ಗಾಡಿಯ ಚಕ್ರಕ್ಕೆ ಹಚ್ಚುತ್ತಿದ್ದಾಗಿನ ಮಾತು ನಾಲಿಗೆ ಬಿಟ್ಟು ಹೋಗಿಲ್ಲ.

ಈ ಕೆಲಸ ಕಲಿಸಿದವರು ನೆಲಮಂಗಲದ ಅಸದುಲ್ಲಾ. ಎಲ್ಲರಿಗೂ ಅವರು ಉಸ್ತಾದ್. ಕೆಂಪರಾಜ್ ಅವರ ಅಂಗಡಿ ಸೇರಿದ ಹೊಸತರಲ್ಲಿ ಅವರೊಂದು ಗುಟ್ಟು ಹೇಳಿಕೊಟ್ಟಿದ್ದರು. ಗುಂಡುಗಳು ಉರುಳಾಡುವ ತೋಡುಗಳಿರುತ್ತವಲ್ಲ, ಕಾರು ಮುಂದಕ್ಕೆ ಓಡುವಾಗ ಅವುಗಳ ಒಂದೇ ಮಗ್ಗುಲು ಸವೆಯುತ್ತದೆ. ಇನ್ನೊಂದು ಮಗ್ಗುಲು ಹೊಸದಾಗಿಯೇ ಉಳಿದಿರುತ್ತದೆ. ಎಡಚಕ್ರದ ಕಪ್ಪನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಭಾರವೆಲ್ಲ ಆ ಹೊಸ ಮಗ್ಗುಲಿಗೆ ಬೀಳುತ್ತದೆ.

"ಗೊತ್ತು ಬಿಡಿ ಉಸ್ತಾದ್," ಎಂದಿದ್ದ ಕೆಂಪರಾಜ್. "ಒಂದೇ ಹೆಗ್ಲು ಸವೀಬಾರ್ದು ಅಂತ ನೊಗದ ಎಡಗೋಲಿನ ಎತ್ನ ಬಲಗೋಲಿಗೆ ಕಟ್ತೀವಲ್ಲ, ಹಂಗೆ."

ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಅಂಗಡಿಯಲ್ಲಿ ಆ ಕೆಲಸಕ್ಕೆ 'ಗೋಲು ಬದಲಿ' ಎಂದೇ ಹೆಸರಾಯಿತು. ಕಾರು ಬಿಡಲು ಬಂದವರೂ ಹಾಗೇ ಕೇಳತೊಡಗಿದರು.

ಲಕ್ವ ಹೊಡೆದು ಉಸ್ತಾದರ ಬಲಗೈ ಬಿದ್ದುಹೋದ ಮೇಲೆ ಅಂಗಡಿ ಮುಚ್ಚಿತು. ಸ್ಪ್ಯಾನರು, ವೈಸು, ಕಪ್ಪು ಎಳೆಯುವ ಪುಲ್ಲರ್, ಎಲ್ಲವನ್ನೂ ಅವರು ಕೆಂಪರಾಜನ ಶೆಡ್ಡಿಗೆ ಕಳಿಸಿದರು. ಬೇಡ ಅಂದಿದ್ದಕ್ಕೆ ಬೈದರು. ರಂಜಾನಿಗೆ ಹೋದಾಗಲೆಲ್ಲ ಕೆಂಪರಾಜ್ ಆ ಉಪಕಾರಕ್ಕೊಂದು ಮಾತು ಹೇಳಬೇಕೆಂದುಕೊಂಡು, ಬಿರಿಯಾನಿ ಉಂಡು, ಹಾಗೇ ಬರುತ್ತಿದ್ದ.

ಈಗ ಶೆಡ್ಡಿನಲ್ಲಿ ಜಾಕಿಯ ಮೇಲೆ ನಿಂತಿದ್ದ ಹಳೇ ಕಾರು ಉಸ್ತಾದರದ್ದೇ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರ ಮಗಳು ಫಿಝಾ ಅದರ ಹಿಂದಿನ ಸೀಟುಗಳನ್ನು ಕಿತ್ತು, ಒಳಗೆ ರಕ್ಷಣೆಯ ಕಂಬಿ ಕೂರಿಸಿ, ರೇಸಿನ ಟ್ರ್ಯಾಕಿಗೆ ಸಜ್ಜು ಮಾಡಿದ್ದಳು. ಭಾನುವಾರ ಅವಳ ಮೊದಲ ರೇಸು. ತಿರುವಿನಲ್ಲಿ ಮಾತ್ರ ಮುಂದಿನ ಚಕ್ರಗಳಿಂದ ಕಟಕಟ ಸದ್ದು ಬರುತ್ತಿತ್ತು. ಪೇಟೆಯಿಂದ ತಂದು ಹಾಕಿದ ಹೊಸ ಆಕ್ಸೆಲ್ ಪ್ರಾಕ್ಟೀಸಿನಲ್ಲೇ ಮುರಿದಿತ್ತು. ಕಾರಿನ ಜೊತೆ ಬಂದ ಕಂಪನಿಯ ಆಕ್ಸೆಲ್‌ಗಳೇ ಗಟ್ಟಿ. ಅವನ್ನೇ ಗೋಲು ಬದಲಿ ಮಾಡಿ ಕೂರಿಸಬೇಕು.

ಕೆಂಪರಾಜ್ ಎರಡೂ ಕಪ್ಪುಗಳನ್ನು ಬಿಚ್ಚಿ, ತೊಳೆದು, ಸೀಮೆಸುಣ್ಣದಲ್ಲಿ ಒಂದರ ಮೇಲೆ 'ಎ', ಇನ್ನೊಂದರ ಮೇಲೆ 'ಬ' ಎಂದು ಬರೆದ. ಕಪ್ಪಿಗೆ ಪಂಚ್ ಹೊಡೆದು ಗುರುತು ಮಾಡುವುದು ಉಸ್ತಾದರಿಗೆ ಹಿಡಿಸದು. ಶುಕ್ರವಾರ ಬೆಳಿಗ್ಗೆ ರಬ್ಬರ್ ಬೂಟು ತರಲು ನೆಲಮಂಗಲಕ್ಕೆ ಹೋಗಿ ಬಂದು ನೋಡುತ್ತಾನೆ, ಕಪ್ಪುಗಳು ಮಣೆಯ ಮೇಲೆ ಫಳಫಳ ಹೊಳೆಯುತ್ತ ಕೂತಿವೆ. ಮೇಲೆ ಅರಿಶಿನ, ಕುಂಕುಮ. ಪಕ್ಕದಲ್ಲಿ ಊದುಬತ್ತಿ.

"ಏನೇ ಇದು?"

"ಶುಕ್ರವಾರ ಅಲ್ವೇನ್ರೀ," ಅಂದಳು ಹೆಂಡತಿ ರೂಪ. "ಉಸ್ತಾದ್ ಮಗಳು ಓಡ್ಸೋ ಗಾಡಿ. ಒಂದು ಪೂಜೆ ಬೇಡ್ವಾ? ಸುಣ್ಣ ಮೆತ್ಕೊಂಡಿತ್ತು, ಒರೆಸಿ ಇಟ್ಟಿದ್ದೀನಿ."

"ಸುಣ್ಣ ಅಲ್ಲ ಕಣೇ, ಅದು ನನ್ ಗುರುತು!"

ರೂಪ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಯಾವುದು ಎಡ, ಯಾವುದು ಬಲ? ಸವೆದ ಮಗ್ಗುಲನ್ನು ಹುಡುಕಿದರೆ ತಿಳಿಯುತ್ತಿತ್ತು. ಆದರೆ ಸವೆತ ಕಣ್ಣಿಗೆ ಕಾಣುವಷ್ಟಿರಲಿಲ್ಲ, ಬೆರಳಿಗೆ ಸಿಗಬೇಕು. ಕೆಂಪರಾಜ್ ತೋಡುಗಳ ಮೇಲೆ ಬೆರಳಾಡಿಸಿದ. ಸುತ್ತಿಗೆ, ಗ್ರೈಂಡರ್ ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಎಲ್ಲವೂ ಒಂದೇ. ತಪ್ಪಿ ಮೊದಲಿನ ಬದಿಗೇ ಹಾಕಿದರೆ ಸವೆದದ್ದೇ ಮತ್ತೆ ಸವೆಯುತ್ತದೆ. ಜೋರಿನ ತಿರುವಿನಲ್ಲಿ ಬಿಟ್ಟುಕೊಟ್ಟರೆ ಒಳಗಿರುವವಳು ಫಿಝಾ. ರೇಸು ಬೇಡ ಎಂದುಬಿಡಲೇ ಅನ್ನಿಸಿತು. ಕೊನೆಗೆ ಉಸ್ತಾದರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದ.

ಅಪ್ಪ ಮಗಳು ಆಟೋದಲ್ಲಿ ಬಂದರು.

"ಕೆಂಪಣ್ಣ, ಅತ್ತಿಗೆ ನನ್ ಗಾಡಿಗೆ ಬೊಟ್ಟು ಇಟ್ಟವ್ರಂತೆ," ಅಂದಳು ಫಿಝಾ. "ಹೂ ಮುಡಿಸ್ಲಿಲ್ವಾ?"

ರೂಪಳ ಕಣ್ಣಲ್ಲಿ ನೀರಾಡಿತು. ಉಸ್ತಾದ್ ಮಗಳನ್ನು ಗದರಿಸಿದರು. "ಸುಮ್ನಿರು ಬೇಟಿ. ನಿನ್ ಜೀವ ಚೆನ್ನಾಗಿರ್ಲಿ ಅಂತ ತಾನೇ ಅವ್ಳು ಮಾಡಿದ್ದು."

ಸ್ಟೂಲಿನ ಮೇಲೆ ಕೂತು ಒಂದು ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಎಡಗೈಯ ತೋರುಬೆರಳನ್ನು ತೋಡಿನೊಳಗೆ ಮೆಲ್ಲನೆ ಎಳೆದರು. ಒಂದು ತೋಡು, ಅದರ ಪಕ್ಕದ್ದು, ಮತ್ತೆ ಮೊದಲಿನದು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ಇದು ಎಡಗೋಲಿಂದು."

"ನನ್ ಬೆರಳಿಗೆ ಏನೂ ಸಿಗ್ಲಿಲ್ವಲ್ಲ ಉಸ್ತಾದ್?"

"ಈ ಕೈ ಒಂದಿನಾನೂ ಸುತ್ತಿಗೆ ಹಿಡೀಲಿಲ್ಲ ಕಣೋ. ಚರ್ಮ ಇನ್ನೂ ಮಗು ಥರ ಐತೆ." ಎಡಗೈ ಮೇಲೆತ್ತಿ ತಿರುಗಿಸಿ ನೋಡಿಕೊಂಡರು. "ಮೇಲಿರೋನು ನಂಗೂ ಗೋಲು ಬದ್ಲಿ ಮಾಡ್ಬಿಟ್ಟ."

ಮೊದಲು ಅವರೇ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ಇನ್ನೊಂದು ಕಪ್ಪನ್ನೂ ಮುಟ್ಟಿ ನೋಡಿ ಬಲಗೋಲು ಎಂದರು. ಕುಂಕುಮವನ್ನು ಒರೆಸಲು ಬಿಡಲಿಲ್ಲ. ಕೆಂಪರಾಜ್ ಗುಂಡುಗಳನ್ನು ಅವವುಗಳ ಕಪ್ಪಿಗೇ ಕೂರಿಸಿದ. ಗ್ರೀಸನ್ನು ಮಾತ್ರ ತಾನೇ ತುಂಬುತ್ತೇನೆಂದು ಉಸ್ತಾದ್ ಹಟ ಹಿಡಿದರು. ಗುಂಡುಗಳ ಸಂದಿಗೆಲ್ಲ ಎಡಗೈಯಿಂದ ಒತ್ತಿ ಒತ್ತಿ ತುಂಬಿದರು. ಆಮೇಲೆ ಕೆಂಪರಾಜ್ ಎಡದ ಕಪ್ಪನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿ ಬಿಗಿದ.

ಭಾನುವಾರ ತಮಿಳುನಾಡಿನ ಕಡೆಯ ರೇಸ್ ಟ್ರ್ಯಾಕಿನಲ್ಲಿ ಗುರು ಶಿಷ್ಯರಿಬ್ಬರೂ ತಂತಿಬೇಲಿ ಹಿಡಿದು, ಅತಿ ಬಿರುಸಾದ ತಿರುವಿನ ಹತ್ತಿರವೇ ನಿಂತರು. ಫಿಝಾಳ ಕಾರು ಮುಂದೆ ಹಾದುಹೋದಾಗಲೆಲ್ಲ ಕೆಂಪರಾಜ್ ಉಸಿರು ಹಿಡಿದು ಕಿವಿಗೊಟ್ಟ. ಟೈರು ಕಿರುಚಿತು, ಎಂಜಿನ್ ಕೂಗಿತು. ಕಟಕಟ ಎಂಬುದು ಒಂದು ಸಲವೂ ಬರಲಿಲ್ಲ. ಬಹುಮಾನವೂ ಬರಲಿಲ್ಲ. ಕಾರು ಇಳಿದ ಫಿಝಾ ಮಾತ್ರ ಗೆದ್ದವಳಂತೆಯೇ ಕುಣಿದಳು.

ಉಸ್ತಾದ್ ಬಗ್ಗಿ ಚಕ್ರದ ಹಿಂದೆ ಕೈ ಹಾಕಿ ಬೂಟನ್ನು ತಡವಿದರು. ಹರಿದಿರಲಿಲ್ಲ, ಬೆಚ್ಚಗಿತ್ತು ಅಷ್ಟೆ. ಕೈ ಹೊರಗೆ ತೆಗೆದಾಗ ಬೆರಳಿಗೆಲ್ಲ ಮಸಿ, ಧೂಳು. ಒರೆಸಿಕೊಳ್ಳಲು ಇನ್ನೊಂದು ಕೈ ಏಳದು.

ಕೆಂಪರಾಜ್ ಹೆಗಲ ಮೇಲಿನ ಟವೆಲಿನಿಂದ ಅವರ ಎಡಗೈಯನ್ನು ಒರೆಸತೊಡಗಿದ. ಒಂದೊಂದೇ ಬೆರಳು, ಸಂದಿ, ಉಗುರಿನ ಬುಡ. ಎಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದ.

"ಸಾಕು ಬಿಡೋ," ಅಂದರು ಉಸ್ತಾದ್. "ಇದೂ ಸವೆದೋದ್ರೆ ನನ್ಹತ್ರ ಇನ್ನೊಂದು ಗೋಲು ಇಲ್ಲ."