ಬರೆದು ಕಳಿಸಿ ಆಗಿತ್ತು

ನನ್ನ ಮಗನ ಮೊಣಕಾಲು ನೋಯುತ್ತಿದೆ ಎಂದು ನನಗೆ ಗೊತ್ತಾದದ್ದು ಊಟದ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಆಗಿನ್ನೂ ಎಲ್ಲರೂ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡೇ ಉಣ್ಣುತ್ತಿದ್ದೆವು. ಒಂದು ದಿನ ಅವನು ಮಣೆಯನ್ನು ಗೋಡೆಗೆ ಒರಗಿಸಿಟ್ಟು, ಹೊರಗಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಏನೋ, ದೊಡ್ಡ ಸಾಹೇಬ ಆದ್ಯಾ?" ಎಂದು ಅವರಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಹೆತ್ತವಳಿಗೆ ಕೆಲವು ವಿಷಯ ಯಾರೂ ಹೇಳಬೇಕಾಗಿಲ್ಲ.

ಅವರಪ್ಪ, ಅಂದರೆ ನನ್ನ ಗಂಡ, ಬೆಳಂಬಾರದ ಮರಳಿನಲ್ಲಿ ಓಡಿ ಬೆಳೆದು ಬಾಸ್ಕೆಟ್‌ಬಾಲ್‌ನಲ್ಲಿ ದೇಶದ ತಂಡದವರೆಗೆ ಹೋಗಿಬಂದವರು. ಆಟ ಮುಗಿದ ಮೇಲೆ ಕಾರವಾರದ ಬ್ಯಾಂಕಿನಲ್ಲಿ ನೌಕರಿ, ಅಂಕೋಲೆಯಲ್ಲಿ ಮನೆ. ಬಸ್ಸಿನಲ್ಲಿ ಅವರಿಗೆ ಯಾರಾದರೂ ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಎತ್ತರವೂ ಹಾಗಿತ್ತು, ಹೆಸರೂ ಹಾಗಿತ್ತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗನ ತಲೆಯ ಮೇಲೆ ಬಂದು ಕೂತ ಮೇಲೆಯೇ ಅದು ಎಷ್ಟು ಭಾರ ಎಂದು ತಿಳಿದದ್ದು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಮುಂಬೈಯ ಒಂದು ಕಂಪನಿ, ಆಡಿದ್ದಕ್ಕೆ ಸಂಬಳ ಕೊಡುವ ಬಾಸ್ಕೆಟ್‌ಬಾಲ್ ತಂಡವೊಂದನ್ನು ಕಟ್ಟಿತ್ತು. ಮಗನ ಆಟ ನೋಡಿ, ಮಳೆಗಾಲ ಮುಗಿದ ಮೇಲೆ ಬಂದು ಸೇರು ಎಂದಿದ್ದರು. ಇದ್ದದ್ದು ಇಷ್ಟೇ ಸಂಗತಿ. ಅಷ್ಟಕ್ಕೇ ನಮ್ಮ ಕಡೆಯ ಪತ್ರಿಕೆಯವರು, ಕೇಬಲ್ ಟೀವಿಯವರು ಮನೆಯ ಹೊಸ್ತಿಲು ಸವೆಸಿಬಿಟ್ಟರು. ಅವನು ಅಲ್ಲಿ ಒಂದು ಚೆಂಡನ್ನೂ ಮುಟ್ಟಿರಲಿಲ್ಲ, ಆಗಲೇ 'ತಂದೆಯ ಹಾದಿಯಲ್ಲಿ ಮಗ'. ಒಬ್ಬ ಬಂದು, ಚಿಕ್ಕವನಿದ್ದಾಗ ಇವನಿಗೆ ಏನು ತಿನ್ನಿಸುತ್ತಿದ್ದಿರಿ ಎಂದು ನನ್ನನ್ನು ಕೇಳಿದ. "ಗಂಜಿ, ಒಣಮೀನು. ಮತ್ತೆಂತ ತಿನ್ಸೂದು?" ಎಂದೆ. ಮರುದಿನ ಪತ್ರಿಕೆಯಲ್ಲಿ ನೋಡಿದರೆ ನಾನು ಪೌಷ್ಟಿಕ ಆಹಾರದ ಬಗ್ಗೆ ಭಾಷಣವನ್ನೇ ಮಾಡಿದ್ದೆ.

ಕೇಬಲ್‌ನವರಿಗೆ ಮನೆಯ ಊಟದ ದೃಶ್ಯ ಬೇಕಾಯಿತು. ದೊಡ್ಡ ಆಟಗಾರನ ಮನೆಯಾದರೂ ಎಷ್ಟು ಸರಳ ನೋಡಿ ಎಂದು ತೋರಿಸಬೇಕಂತೆ. ಕುರ್ಚಿ ತೆಗೆಸಿದರು, ಮಣೆ ಹಾಕಿಸಿದರು. ಮಗ ನನ್ನ ಮುಖವನ್ನೊಮ್ಮೆ ನೋಡಿ, ತುಟಿ ಕಚ್ಚಿಕೊಂಡು ಕೂತ, ನಗುತ್ತ ತುತ್ತು ಬಾಯಿಗಿಟ್ಟ. "ಚೊಲೋ ಬಂತು" ಎಂದು ಕ್ಯಾಮೆರಾದವನು ದೀಪ ಆರಿಸಿದ. ಆಮೇಲೆ ಮಗ ಗೋಡೆಗೆ ಒಂದು ಕೈ, ನನ್ನ ಹೆಗಲಿಗೆ ಒಂದು ಕೈ ಕೊಟ್ಟು ಮೇಲೆದ್ದದ್ದು ಯಾವ ಟೀವಿಯಲ್ಲೂ ಬರಲಿಲ್ಲ.

ಮಾರನೇ ದಿನವೇ ಅವನನ್ನು ಕಾರವಾರದ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. "ಮಳೆಗಾಲ ಪೂರ್ತಿ ಕೂರ್ಸಿ, ಸರಿಯಾಗ್ತದೆ" ಎಂದರು ಅವರು. "ಆದ್ರೆ ಹಾರೂದು ಬೇಡ. ಹಾರಿದ್ರೆ ಮುಂದಿಂದು ನಾ ಹೇಳೂಕಾಗೂದಿಲ್ಲ." ಹಾರದೆ ಇರುವುದಕ್ಕೆ ಒಂದು ಮಳೆಗಾಲ, ಅಷ್ಟೇ ಬೇಕಾಗಿದ್ದದ್ದು. ನಾನು ದೇವರಿಗೆ ಕೈಮುಗಿದೆ.

ಅಷ್ಟರಲ್ಲಿ ಕಾರವಾರದಲ್ಲಿ ಒಂದು ಸಂಘದವರು ನನ್ನ ಗಂಡನಿಗೆ ಸನ್ಮಾನ ಇಟ್ಟುಕೊಂಡರು. ಸನ್ಮಾನದ ನಂತರ ಅರ್ಗಾ ಕಡೆಯ ನೇವಿ ಹುಡುಗರ ಜೊತೆ ಒಂದು ಪಂದ್ಯ. 'ತಂದೆಯ ಎದುರು ಮಗನ ಜಿಗಿತ' ಎಂದು ಪತ್ರಿಕೆಯಲ್ಲಿ ಬಂದ ಮೇಲೆಯೇ ಅದರಲ್ಲಿ ನಮ್ಮ ಹುಡುಗ ಆಡುತ್ತಾನೆಂದು ನಮಗೂ ತಿಳಿದದ್ದು. ಮಾರ್ಕೆಟ್ಟಿಗೆ ಹೋದರೆ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು.

"ಒಂದೇ ಮ್ಯಾಚ್ ಮಾರಾಯ್ತಿ," ಎಂದರು ನನ್ನ ಗಂಡ. "ಅಷ್ಟು ಜನ ಬರ್ತಾರೆ. ಸ್ವಲ್ಪ ಹೊತ್ತು ಆಡಿ ಕೂತ್ಕೊಳ್ತಾನೆ."

"ಆ ಕಾಲು ನಿಮ್ದಲ್ಲ" ಎಂದೆ.

ಕೆಟ್ಟ ಮನುಷ್ಯರಲ್ಲ ಅವರು. ಅವರ ಕಾಲದಲ್ಲಿ ನೋವಿದ್ದರೆ ಪಟ್ಟಿ ಬಿಗಿದು ಆಡುತ್ತಿದ್ದರು, ಅದೇ ಅವರಿಗೆ ಗೊತ್ತಿದ್ದ ವೈದ್ಯ. ಮಗನನ್ನು ಕೇಳಿದರೆ, "ಸುಮ್ನಿರು ಆಯಿ. ನಾ ಆಡ್ದೇ ಇದ್ರೆ ಅಪ್ಪನ ಮರ್ಯಾದೆ ಹೋಗ್ತದೆ" ಎಂದ.

ಪಂದ್ಯದ ದಿನ ಸಂಜೆ ಮೈದಾನದ ಬಾಗಿಲಲ್ಲೇ, ಏನು ತಿನ್ನಿಸುತ್ತಿದ್ದಿರಿ ಎಂದು ಕೇಳಿದ್ದ ಆ ಪತ್ರಿಕೆಯವನು ಸಿಕ್ಕಿದ. ಪಾಪದವನು, ನನ್ನನ್ನು ಸ್ವಂತ ಅತ್ತಿಗೆಯ ಹಾಗೆ ಬಾಯಿತುಂಬ ವೈನಿ ಎಂದು ಕರೆಯುತ್ತಿದ್ದವನು. ಪೇಪರಿನಲ್ಲಿ ಬಂದದ್ದನ್ನು ಎಲ್ಲರೂ ಒಪ್ಪುತ್ತಾರಲ್ಲ, ಇವನಿಂದಲೇ ಕೆಲಸ ಆದೀತು ಎಂಬ ಆಸೆ ನನಗೆ. ಅವನನ್ನು ಪಕ್ಕಕ್ಕೆ ಕರೆದೆ.

"ತಮ್ಮಾ, ಒಂದು ಉಪಕಾರ ಮಾಡು. ಅವ್ನಿಗೆ ಕಾಲುನೋವು, ಇವತ್ತು ಆಡೂದಿಲ್ಲ ಅಂತ ಒಂದು ಸಾಲು ಬರಿ. ಪೇಪರಿಗೆ ಹಾಗೆ ಹೋಗ್ತದೆ ಅಂತ ಇವ್ರಿಗೆಲ್ಲ ನೀನೇ ಹೇಳು."

ಅವನ ಮುಖ ಸಣ್ಣದಾಯಿತು. "ವೈನಿ, ಇವತ್ತಿಂದು ಬರ್ದು ಕಳ್ಸಿ ಆಯ್ತು."

"ಆಟ ಇನ್ನೂ ಶುರುವೇ ಆಗ್ಲಿಲ್ವಲ್ಲೋ!"

ಅವನು ವಿವರಿಸಿ ಹೇಳಿದ. ಪತ್ರಿಕೆ ಅಚ್ಚಾಗುವುದು ಹುಬ್ಬಳ್ಳಿಯಲ್ಲಿ. ಘಟ್ಟ ಇಳಿದು ಬೆಳಗಾಗುವುದರೊಳಗೆ ನಮ್ಮ ಕಡೆಗೆ ಮುಟ್ಟಬೇಕಾದರೆ ಸಂಜೆಯೊಳಗೇ ಸುದ್ದಿ ಅಲ್ಲಿರಬೇಕು. ಆಟ ಮುಗಿಯುವವರೆಗೆ ಕಾದರೆ ನಾಳೆ ಬರುವುದಿಲ್ಲ, ನಾಡಿದ್ದಿಗೆ ಹಳತಾಗುತ್ತದೆ. ಹಾಗಾಗಿ ಮಧ್ಯಾಹ್ನವೇ ಫ್ಯಾಕ್ಸ್ ಮಾಡಿದ್ದ. "ಗೆದ್ದದ್ದು ಸೋತದ್ದು ಬರೀಲಿಲ್ಲ ವೈನಿ. ಜನರ ಮನಸ್ಸು ಗೆದ್ದ ಅಂತ ಬರ್ದಿದೇನೆ. ಚೊಲೋನೇ ಬರ್ದಿದೇನೆ, ನೀವು ಹೆದರ್ಬೇಡಿ."

ಅಂದರೆ ನನ್ನ ಮಗ ಆಡಿ ಆಗಿತ್ತು. ಅಂಗಳಕ್ಕೆ ಇಳಿಯುವುದೊಂದೇ ಬಾಕಿ. ಇನ್ನು ಯಾರನ್ನು ಕೇಳಲಿ? ನಾನು ಹೋಗಿ ಅತಿಥಿಗಳ ಸಾಲಿನಲ್ಲಿ ನನಗಿಟ್ಟಿದ್ದ ಕುರ್ಚಿಯಲ್ಲಿ ಕೂತೆ.

ಅವನು ಅಂಗಳಕ್ಕೆ ಬಂದಾಗ ಜನ ಕೂಗಿದ್ದು ಅವರಪ್ಪನ ಹೆಸರನ್ನು. ಸ್ವಲ್ಪ ಹೊತ್ತು ಅವನು ಚೆಂಡನ್ನು ಬೇರೆಯವರಿಗೆ ದಾಟಿಸುತ್ತ ಹುಷಾರಾಗಿಯೇ ಆಡಿದ. ಜನಕ್ಕೆ ಅದು ಸಾಲಲಿಲ್ಲ. "ಹಾರೋ, ಹಾರೋ" ಎಂದು ಶುರುವಾಯಿತು. ಅವನು ಹಾರಿದ. ಒಂದು ಕ್ಷಣ ಥೇಟ್ ಅವರಪ್ಪನೇ, ನನಗೂ ಮೈ ಜುಮ್ಮೆಂದಿತು. ಕೆಳಗಿಳಿದವನು ಹಾಗೇ ಕೂತುಬಿಟ್ಟ. ಯಾರೂ ಅವನನ್ನು ಮುಟ್ಟಿರಲಿಲ್ಲ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಗಂಡ ಹೆಗಲ ಮೇಲೆ ಸನ್ಮಾನದ ಶಾಲು ಹೊತ್ತುಕೊಂಡೇ ಓಡಿಹೋಗಿ ಅವನನ್ನು ಎತ್ತಿಕೊಂಡರು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ನಮ್ಮನ್ನು ಬೈಯಲೂ ಇಲ್ಲ. "ನಡೀತಾನೆ. ಒಂದು ವರ್ಷ ಕಳೆದ್ರೆ ಓಡೂಕೂ ಆದೀತು. ಆಟ ಮಾತ್ರ..." ಎಂದು ನಿಲ್ಲಿಸಿದರು. ಮಗ ಕೇಳಿಸಿಕೊಂಡ. ನನ್ನ ಗಂಡ ಶಾಲನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ವರಾಂಡದಲ್ಲಿ ನಿಂತಿದ್ದರು. ಅವರಿಗೆ ನಾಲ್ಕು ಮಾತು ಅನ್ನಬೇಕೆಂದು ಹೋದವಳು ಸುಮ್ಮನೆ ವಾಪಸು ಬಂದೆ.

ಬೆಳಿಗ್ಗೆ ಚಹಾ ತರಲು ಆಸ್ಪತ್ರೆಯ ಗೇಟಿನ ಹತ್ತಿರ ಹೋದೆ. ಅಂಕೋಲೆಯ ಮಾರ್ಕೆಟ್ಟಿನಲ್ಲಿ ನನಗೆ ವರ್ಷವೂ ಮಾವಿನಹಣ್ಣು ಕೊಡುವ ಹೆಂಗಸು ಬುಟ್ಟಿ ಹೊತ್ತು ಬಸ್ಸಿಳಿದು ಬರುತ್ತಿದ್ದಳು. ನನ್ನನ್ನು ಕಂಡವಳೇ ಬುಟ್ಟಿ ಇಳಿಸಿದಳು. "ಅಮ್ಮಾ, ನಿಮ್ಮ ಹುಡ್ಗ ನಿನ್ನೆ ಭಾರೀ ಚೊಲೋ ಆಡಿದ್ನಂತಲ್ಲ! ಬಸ್ಸಲ್ಲಿ ಪೇಪರ್ ಓದಿ ಹೇಳಿದ್ರು. ತಕಳಿ, ಇದು ಅವ್ನಿಗೆ." ಎರಡು ಕರಿ ಈಶಾಡು ಹಣ್ಣನ್ನು ಆರಿಸಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಅವಳ ಖುಷಿಯ ಮುಖಕ್ಕೆ ಏನು ಹೇಳಲಿ? ಹೂಂ ಎಂದೆ.

ಚಹಾದಂಗಡಿಯಲ್ಲಿ ಪತ್ರಿಕೆಯೂ ಇತ್ತು. ಕೊಂಡು, ಮಗನ ಕಣ್ಣಿಗೆ ಬೀಳದಿರಲಿ ಎಂದು ಟವೆಲಿನಲ್ಲಿ ಸುತ್ತಿ ತಂದೆ. ಅವನು ಎಚ್ಚರವಾಗಿದ್ದ. "ಕೊಡು ಆಯಿ" ಎಂದು ಕೈಚಾಚಿದ. ಅವರಪ್ಪನ ಹಳೆಯ ಜಿಗಿತದ ಫೋಟೋ ಒಂದು ಕಡೆ, ಇವನದು ಇನ್ನೊಂದು ಕಡೆ, ನಡುವೆ ಸುದ್ದಿ. ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ಅವನು ಒಂದೊಂದೇ ಸಾಲು ಓದಿದ.

"ನಾ ಚೊಲೋ ಆಡಿದ್ದೆ, ಅಲ್ವಾ ಆಯಿ?" ಎಂದ.

ವ್ಯಂಗ್ಯಕ್ಕೆ ಹೇಳಿದ್ದಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ಕೇಳಿದ್ದ. ಹೌದು ಮಗಾ ಎಂದೆ. ಅವನು ಮತ್ತೆ ಮೊದಲಿನಿಂದ ಓದತೊಡಗಿದ. ನಾನು ಪಕ್ಕದಲ್ಲಿ ಕೂತು ಹಣ್ಣಿನ ಸಿಪ್ಪೆ ಸುಲಿದೆ.