ಸೂತಕದ ಮನೆಯ ಮಲ್ಲಿಗೆ

ಮೊನ್ನೆ ಕಾರ್ಕಳದ ನಮ್ಮ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಹೊರಟ ಅಜ್ಜಿಯೊಬ್ಬರು, ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನರ್ಸುಗಳೆಲ್ಲ ಹೂವಿನ ಪರಿಮಳವನ್ನು ಹೊಗಳಿದರು. ನನ್ನ ಮೂಗಿಗೆ ಮೊದಲು ತಾಗಿದ್ದು ಮಾತ್ರ ಹೂ ಕಟ್ಟಿದ್ದ ಒದ್ದೆ ಬಾಳೆನಾರಿನ ವಾಸನೆ... ಅದರ ಹಿಂದೆಯೇ ಬಾಯಮ್ಮನ ನೆನಪು ಬಂತು.

ಕಾಪುವಿನ ಹತ್ತಿರ ನಮ್ಮದು ಮಲ್ಲಿಗೆ ಬೆಳೆಯುವ ಊರು. ಬೇಲಿಯಾಚೆ ಒಬ್ಬರೇ ಇದ್ದ ಕ್ರೈಸ್ತ ಹೆಂಗಸನ್ನು ಊರೆಲ್ಲ ಕರೆಯುವಂತೆ ನಾವೂ ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಮಲ್ಲಿಗೆ ಗಿಡ, ಕೋಳಿ, ಇಗರ್ಜಿ, ಮತ್ತೆ ಅಕ್ಕಪಕ್ಕದವರ ತಾಪತ್ರಯ, ಇಷ್ಟರಲ್ಲಿ ಅವರಿಗೆ ಪುರುಸೊತ್ತೇ ಇರಲಿಲ್ಲ.

ಅಪ್ಪ ಪಾರ್ಶ್ವವಾಯು ಬಡಿದು ಮಲಗಿದ್ದ ವರ್ಷಗಳವು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಹೂವಿನ ಏಜೆಂಟ್ ಬರುವಷ್ಟರಲ್ಲಿ ನಾನು, ಅಮ್ಮ, ತಂಗಿ ಸೇರಿ ಕಟ್ಟಿ ಮುಗಿಸುತ್ತಿದ್ದೆವು. ಆಮೇಲೆ ಅಪ್ಪನಿಗೆ ಗಂಜಿ ಉಣಿಸುತ್ತ ಜೀವಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರಿಗೆ ಮಾತು ಹೋಗಿತ್ತು, ಕಿವಿ ಇತ್ತು. ನಂತರ ಸಂಜೆಯವರೆಗೆ ಉಡುಪಿಯ ಮೆಡಿಕಲ್ ಶಾಪಿನಲ್ಲಿ ಕೆಲಸ. ಇದರ ನಡುವೆ ಡಾಕ್ಟರಾಗುವ ಹುಚ್ಚು! ಪಿಯುಸಿಯಲ್ಲಿ ಭೌತಶಾಸ್ತ್ರ ಹೇಗೋ ದಡ ಸೇರಿತ್ತು. ನೀಟ್ ಪರೀಕ್ಷೆಯಲ್ಲಿ ಎರಡು ಸಲ ಮಣ್ಣು ಮುಕ್ಕಿದ್ದೆ. ನೆಂಟರು ನನ್ನ ಅಂಕ ಕೇಳುವುದನ್ನು ಬಿಟ್ಟು ಮೆಡಿಕಲಿನ ಸಂಬಳ ಕೇಳತೊಡಗಿದ್ದರು. ಮೂರನೆಯ ಸಲವೂ ಆಗದಿದ್ದರೆ ಓದು ಬಿಟ್ಟು ಅಂಗಡಿಯಲ್ಲೇ ನಿಲ್ಲುವುದೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಆ ಪರೀಕ್ಷೆಗೆ ವಾರವಿದೆ ಎನ್ನುವಾಗ ಅಪ್ಪ ತೀರಿಹೋದರು.

ಸೂತಕದವರು ಮಲ್ಲಿಗೆ ಗಿಡ ಮುಟ್ಟುವುದಿಲ್ಲ. ಆ ಹೂ ದೇವರಿಗೆ, ದೈವಕ್ಕೆ, ಮದುಮಗಳ ಜಡೆಗೆ ಹೋಗುವಂಥದ್ದು. ಮದುವೆಗಳ ಕಾಲ, ಹೂವಿಗೆ ಒಳ್ಳೆಯ ಬೆಲೆ, ನಮ್ಮ ಅಂಗಳದಲ್ಲಿ ಮಾತ್ರ ಮೊಗ್ಗೆಲ್ಲ ಗಿಡದಲ್ಲೇ ಅರಳಿ ಉದುರುತ್ತಿತ್ತು. ಕಾರ್ಕಳದಿಂದ ಬಂದಿದ್ದ ಮಾವ, ಅಂದರೆ ಅಮ್ಮನ ಅಣ್ಣ, ನನ್ನನ್ನು ಕರೆದು ಹೇಳಿದರು: "ಚಿತೆಗೆ ಬೆಂಕಿ ಕೊಟ್ಟವನು ನೀನು. ಬೊಜ್ಜ ಮುಗಿಯುವವರೆಗೆ ಎಲ್ಲಿಗೂ ಹೋಗುವ ಹಾಗಿಲ್ಲ. ಪರೀಕ್ಷೆ ಬರುವ ವರ್ಷವೂ ಉಂಟಲ್ಲ?"

ಬೊಜ್ಜಕ್ಕೆ, ಉತ್ತರಕ್ರಿಯೆಗೆ, ಇನ್ನೂ ಎಷ್ಟೋ ದಿನ ಇತ್ತು. ಮಾವ ಕೆಟ್ಟವರಲ್ಲ, ಅವರಿಗೆ ಗೊತ್ತಿದ್ದ ಸರಿ ಅದು. ನಾನು ತಲೆಯಾಡಿಸಿದೆ. ಬರೆಯದೇ ಇದ್ದರೆ ಫೇಲಾಗುವುದೂ ಇಲ್ಲವಲ್ಲ ಎಂಬ ಸಣ್ಣ ಸಮಾಧಾನವೂ ಒಳಗೊಳಗೇ ಇತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಬಾಯಮ್ಮ ಬುಟ್ಟಿ ಹಿಡಿದು ನಮ್ಮ ಗಿಡಗಳ ನಡುವೆ ನಿಂತಿದ್ದಾರೆ! ಮಾವ ಅಂಗಳಕ್ಕಿಳಿದರು.

"ಬಾಯಮ್ಮ, ಇದು ಸೂತಕದ ಮನೆ."

"ಗೊತ್ತುಂಟು. ಸೂತಕ ನಿಮಗೆ. ಗಿಡಕ್ಕೆ ಎಂತ ಸೂತಕ? ನಾನು ಕೊಯ್ದರೆ ನನ್ನ ಹೂ."

ಮಾವನ ಶಾಸ್ತ್ರದಲ್ಲಿ ಬಾಯಮ್ಮನ ವಿಷಯ ಎಲ್ಲೂ ಬಂದಿರಲಿಲ್ಲ.

ಬಾಯಮ್ಮ ಕೊಯ್ಯುವುದನ್ನು ನಿಲ್ಲಿಸದೆ ಮುಂದುವರಿಸಿದರು: "ಮತ್ತೆ, ಭಾನುವಾರ ಇವನನ್ನು ಪರೀಕ್ಷೆಗೆ ಮಣಿಪಾಲಕ್ಕೆ ನಾನೇ ಕರೆದುಕೊಂಡು ಹೋಗ್ತೇನೆ. ಇವನು ಓದುವುದನ್ನು ಕೇಳಲಿಕ್ಕೆ ಇವನ ಅಪ್ಪ ಗಂಜಿಯನ್ನು ಬಾಯಲ್ಲೇ ಇಟ್ಟುಕೊಂಡು ಕೂರುತ್ತಿದ್ದರು. ನಾನು ನೋಡಿದ್ದೇನೆ. ಅವರಿಗೆ ಬೊಜ್ಜದ ಊಟ ನೀವು ಬಡಿಸಿ, ಬೇಡ ಹೇಳುವುದಿಲ್ಲ. ಈ ಪರೀಕ್ಷೆಯೂ ಅವರಿಗೇ ಅಲ್ವಾ?"

ಒಳಗಿನಿಂದ ಅಮ್ಮನ ದನಿ ಕೇಳಿತು. "ಅಣ್ಣಾ, ಅವನು ಹೋಗಲಿ."

ಮಾವ ಬಾವಿಕಟ್ಟೆಯ ಕಡೆಗೆ ನಡೆದರು. ಮತ್ತೆ ಆ ಮಾತೆತ್ತಲಿಲ್ಲ.

ಆ ವಾರವಿಡೀ ಎರಡು ಮನೆಯ ಹೂವನ್ನೂ ಬಾಯಮ್ಮ ಒಬ್ಬರೇ ಕೊಯ್ದು, ತಮ್ಮ ಜಗಲಿಯಲ್ಲಿ ಕೂತು ಕಟ್ಟಿದರು. ಬಂದ ಹಣವನ್ನು ಅಮ್ಮನ ಕೈಗಿತ್ತರು. ನನಗೆ ಹೂವಿಲ್ಲ, ಅಂಗಡಿಯಿಲ್ಲ, ಉಣಿಸಲು ಅಪ್ಪನೂ ಇಲ್ಲ... ಕೈ ಖಾಲಿಯಿದ್ದ ವಾರವೆಂದರೆ ನನ್ನ ಬದುಕಿನಲ್ಲಿ ಅದೊಂದೇ. ಅಳುತ್ತ ಓದಿದೆ, ಓದುತ್ತ ಅತ್ತೆ. ಹೋಗುವಾಗ ಅಪ್ಪ ನನಗೆ ಬಿಡುವು ಕೊಟ್ಟು ಹೋದರು ಎಂದು ಈಗ ಅನಿಸುತ್ತದೆ. ಆಗ ಹಾಗೆ ಯೋಚಿಸುವ ಧೈರ್ಯ ಇರಲಿಲ್ಲ.

ಭಾನುವಾರ ಬಾಯಮ್ಮ ಇಗರ್ಜಿಗೆ ಉಡುವ ಸೀರೆಯುಟ್ಟು ಬಸ್ಸು ಹತ್ತಿದರು. ನಾನು ಬರೆದು ಮುಗಿಸುವವರೆಗೂ ಪರೀಕ್ಷಾ ಕೇಂದ್ರದ ಹೊರಗೆ ಕೊಡೆ ಬಿಡಿಸಿ ಕೂತಿದ್ದರು. ಹೊರಬಂದಾಗ ಹೇಗಾಯಿತೆಂದು ಕೇಳಲಿಲ್ಲ. ಹೋಟೆಲಿಗೆ ಕರೆದೊಯ್ದು ಗೋಳಿಬಜೆ ತರಿಸಿ, "ತಿನ್ನು ಮಾರಾಯ. ಮಾವನಿಗೆ ಹೇಳಬೇಡ" ಎಂದರು. ಸೂತಕದಲ್ಲಿ ಹೋಟೆಲಿನ ಗೋಳಿಬಜೆ! ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ.

ಕೌನ್ಸೆಲಿಂಗಿನ ಕೊನೆಯ ಸುತ್ತಿನಲ್ಲಿ, ಘಟ್ಟದ ಮೇಲಿನ ಸರಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲಿಯೂ ನನ್ನ ಚಾಳಿ ಬಿಡಲಿಲ್ಲ. ಅಂಗರಚನಾಶಾಸ್ತ್ರದಲ್ಲಿ ಫೇಲು, ಆಮೇಲೆ ಔಷಧಶಾಸ್ತ್ರದಲ್ಲಿ. ಮೆಡಿಕಲ್ ಶಾಪಿನಲ್ಲಿದ್ದವನು ಔಷಧದಲ್ಲೇ ಫೇಲಾದನೆಂದು ಗೆಳೆಯರು ಬಿದ್ದು ಬಿದ್ದು ನಕ್ಕರು. ಅಮ್ಮನಿಗೆ ಹೇಳಲು ಬಾಯಿ ಬಾರದೆ ಮೊದಲು ಬಾಯಮ್ಮನಿಗೇ ಫೋನ್ ಮಾಡುತ್ತಿದ್ದೆ. "ಇನ್ನೊಂದು ಸಲ ಬರಿ. ಕೈಗೆಂತ ನೋವುಂಟಾ?" ಎನ್ನುತ್ತಿದ್ದರು. ಅಮ್ಮನಿಗೆ ಹೇಳುವ ಕೆಲಸವನ್ನೂ ಅವರೇ ಮಾಡುತ್ತಿದ್ದರು.

ಕೊನೆಯ ವರ್ಷದ ಪರೀಕ್ಷೆಗೆ ಮುಂಚೆ ಬಾಯಮ್ಮ ಎದೆನೋವಿನಿಂದ ಹೋಗಿಬಿಟ್ಟರು. ಬಂದು ಮಣ್ಣು ಹಾಕಿ, ಅಂದೇ ಬಸ್ಸು ಹತ್ತಿ ಹಿಂದಿರುಗಿದೆ. ಆ ಸಲ ಒಂದರಲ್ಲೂ ಫೇಲಾಗಲಿಲ್ಲ.

ಈಗ ಸುಖವಾಗಿದ್ದೇನೆ. ತಂಗಿ ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ, ಅಮ್ಮ ಆರೋಗ್ಯವಾಗಿದ್ದಾರೆ, ಮಾವ ತಮ್ಮ ಮೊಣಕಾಲನ್ನು ನನಗೇ ತೋರಿಸಲು ಬರುತ್ತಾರೆ. ಕೊರತೆಯೆಂದು ದೂರುವಂಥದ್ದೇನೂ ಇಲ್ಲ. ಆದರೂ ಬಾಯಮ್ಮನ ನಂಬರು ನನ್ನ ಫೋನಿನಲ್ಲಿ ಹಾಗೆಯೇ ಇದೆ... ನಾನು ಫೇಲಾದ ಸುದ್ದಿಯನ್ನೆಲ್ಲ ಮೊದಲು ಕೇಳಿಸಿಕೊಂಡವರಿಗೆ, ಒಂದೇ ಸಲಕ್ಕೆ ಪಾಸಾದದ್ದನ್ನು ಹೇಳಲು ಆಗಲೇ ಇಲ್ಲ.